ಪ್ರೋಮೋ ಫೋಟೋ ನೋಡಿ ಫುಟ್‌ಬಾಲ್ ಕಾರ್ಡ್ ಬಾಕ್ಸ್ ಬುಕ್ ಮಾಡಬೇಡಿ

ಹೊಸ ಸೀಸನ್ನಿನ ಫುಟ್‌ಬಾಲ್ ಕಾರ್ಡ್ ಬಾಕ್ಸ್ (ಆಟಗಾರರ ಚಿತ್ರವಿರುವ, ಸಂಗ್ರಹಿಸಿಡುವ ಕಾರ್ಡ್‌ಗಳ ಪ್ಯಾಕ್ ತುಂಬಿದ ಪೆಟ್ಟಿಗೆ) ಪ್ರೀ-ಆರ್ಡರ್ ಮಾಡೋಣ ಅಂತ ಕಾಯುತ್ತಿರುವವರು ಸ್ವಲ್ಪ ತಡೆಯಿರಿ. ನಾನು ಒಂದು ಬಾಕ್ಸ್ ತರಿಸಿದೆ, ಹೊಟ್ಟೆ ಉರಿಯುತ್ತಿದೆ. ಕಂಪನಿ ಹೆಸರು ಬೇಡ. ಲಕ್ಷಣ ಹೇಳುತ್ತೇನೆ, ಬೇರೆ ಯಾವ ಬಾಕ್ಸ್‌ನಲ್ಲಿ ಕಂಡರೂ ದೂರ ಇರಿ.

ಪ್ರೋಮೋದಲ್ಲಿ ಬರುವುದು ಕಾರ್ಡಿನ ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಅದರಲ್ಲಿ ಆಟಗಾರನ ಹೆಸರು ಬೆಳ್ಳಿ ಅಕ್ಷರದಲ್ಲಿ ಎಷ್ಟು ಚೆನ್ನಾಗಿ ಎದ್ದು ಕಾಣುತ್ತಿತ್ತು ಗೊತ್ತಾ! ಕೈಗೆ ಬಂದ ಕಾರ್ಡಿನಲ್ಲಿ ಹಿನ್ನೆಲೆಯೂ ಬೆಳ್ಳಿ, ಅಕ್ಷರವೂ ಬೆಳ್ಳಿ ಫಾಯಿಲ್. ಟ್ಯೂಬ್‌ಲೈಟ್ ಕೆಳಗೆ ನೇರ ಹಿಡಿದರೆ ಮುಖ ಕಾಣುತ್ತದೆ, ಹೆಸರು ಮಾಯ. ಸ್ವಲ್ಪ ಓರೆ ಮಾಡಿದರೆ ಹೆಸರು ಓದಬಹುದು, ಆದರೆ ಅಷ್ಟರಲ್ಲಿ ಮುಖದ ಮೇಲೆಲ್ಲ ಬೆಳಕು ಬಡಿದು ಯಾರೋ ಏನೋ ತಿಳಿಯುವುದಿಲ್ಲ. ಯುವ ಆಟಗಾರರ ಮುಖ ನಮಗೆ ಪರಿಚಯ ಇರುವುದಿಲ್ಲ ಅಲ್ವಾ, ಹಿಂಬದಿ ತಿರುಗಿಸಿಯೇ ಹೆಸರು ನೋಡಬೇಕು.

1993ರಲ್ಲಿ ಟಾಪ್ಸ್ ಕಂಪನಿಯ ಫೈನೆಸ್ಟ್ ಬೇಸ್‌ಬಾಲ್ ಕಾರ್ಡ್ ಸೆಟ್‌ನಲ್ಲಿ ರಿಫ್ರ್ಯಾಕ್ಟರ್ (ಓರೆ ಮಾಡಿದರೆ ಕಾಮನಬಿಲ್ಲಿನ ಥರ ಹೊಳೆಯುವ ಕಾರ್ಡ್) ಬಂದಾಗ ಆ ಹೊಳಪು ಅಪರೂಪಕ್ಕೆ ಸಿಗುತ್ತಿತ್ತು, ಅದಕ್ಕೇ ಬೆಲೆ. ಈ ಬಾಕ್ಸಿನಲ್ಲಿ ಮಾಮೂಲಿ ಕಾರ್ಡೂ ಮದುವೆಮನೆ ಸೀರಿಯಲ್ ಸೆಟ್ ಥರ ಮಿನುಗುತ್ತದೆ. ನೀಲಿ, ತಿಳಿ ನೀಲಿ, ಇನ್ನೂ ತಿಳಿ ನೀಲಿ ಅಂತ ಪ್ಯಾರಲಲ್‌ಗಳು (ಅದೇ ಕಾರ್ಡಿನ ಬೇರೆ ಬಣ್ಣದ ರೂಪಗಳು) ಬೇರೆ. ಯಾವುದು ಜಾಸ್ತಿ ಅಪರೂಪ ಅಂತ ತಿಳಿಯಲು ಮೂಲೆಯಲ್ಲಿರುವ, ಒಟ್ಟು ಎಷ್ಟು ಅಚ್ಚಾಗಿವೆ ಅಂತ ಹೇಳುವ ಸೀರಿಯಲ್ ನಂಬರ್ ಒಂದೇ ದಾರಿ, ಅದನ್ನೂ ಗೀರುಗೀರು ವಿನ್ಯಾಸದ ಮೇಲೇ ಅಚ್ಚು ಹಾಕಿದ್ದಾರೆ.

ನನಗೆ ತುಂಬಾ ಸಿಟ್ಟು ಬಂದಿದ್ದು ಅಂಚಿನ ವಿಷಯದಲ್ಲಿ. ಕಾರ್ಡ್ ಇರುವುದೇ ಎರಡೂವರೆ ಇಂಚು ಅಗಲ. ಅದರ ಸುತ್ತ ಸುಮಾರು 2 ಮಿ.ಮೀ. ಕಪ್ಪು ಅಂಚು ಕೊಟ್ಟಿದ್ದಾರೆ. ಮುದ್ರಣವೋ ಕತ್ತರಿಸುವುದೋ ಬರೀ ಅರ್ಧ ಮಿ.ಮೀ. ಸರಿದರೆ ಒಂದು ಕಡೆ ಎರಡೂವರೆ, ಇನ್ನೊಂದು ಕಡೆ ಒಂದೂವರೆ, ಅಂದರೆ ಎರಡೂ ಕಡೆಯ ಅಂಚಿನ ಪಾಲು ಶೇಕಡಾ ಲೆಕ್ಕದಲ್ಲಿ ಹೆಚ್ಚುಕಡಿಮೆ 62/38. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಪಿಎಸ್‌ಎ ಸಂಸ್ಥೆಯ ಅತಿ ಹೆಚ್ಚಿನ ಗ್ರೇಡ್ 10 ಬೇಕಾದರೆ ಮುಂಭಾಗ 55/45 ಒಳಗೆ ಇರಬೇಕು. ಅದೇ ಅಂಚು 5 ಮಿ.ಮೀ. ಇದ್ದಿದ್ದರೆ ಅಷ್ಟೇ ಸರಿದರೂ 55/45, ಪಾಸ್! ಅಂದರೆ ಕಾರ್ಖಾನೆಗಿಂತ ಮೊದಲು ಡಿಸೈನರ್ ಟೇಬಲ್ ಮೇಲೇ ಕಾರ್ಡ್ ಕೆಟ್ಟಿದೆ. ಕಪ್ಪು ಅಂಚಾದ್ದರಿಂದ ಮೂಲೆಯಲ್ಲಿ ಚೂರು ಕಿತ್ತರೂ ಬಿಳಿ ಚುಕ್ಕೆ ಎದ್ದು ಕಾಣುತ್ತದೆ, ಪ್ಯಾಕ್‌ನಿಂದ ತೆಗೆಯುವಾಗಲೇ ಕೆಲವಕ್ಕೆ ಇತ್ತು.

ಆಟೋಗ್ರಾಫ್ ಕೂಡ ಬಂತು. ಖುಷಿಪಟ್ಟೆ, ನೋಡಿದರೆ ಸ್ಟಿಕರ್. ಆಟಗಾರ ಪಾರದರ್ಶಕ ಸ್ಟಿಕರ್ ಹಾಳೆಗೆ ಸಹಿ ಹಾಕಿ ಕಳಿಸುತ್ತಾನೆ, ಆಮೇಲೆ ಕಾರ್ಡಿಗೆ ಅಂಟಿಸುತ್ತಾರೆ. ಅದು ಹೊಸದೇನಲ್ಲ, ತಪ್ಪೂ ಅಲ್ಲ. ಆದರೆ ಇಲ್ಲಿ ಸ್ಟಿಕರಿಗೆ ಜಾಗವನ್ನೇ ಬಿಟ್ಟಿಲ್ಲ, ಮೊಣಕಾಲಿನ ಮೇಲೆ ಸೊಟ್ಟಗೆ ಕೂತಿದೆ, ಸಹಿಯ ಕೊನೆಯ ಅಕ್ಷರ ಅರ್ಧಕ್ಕೇ ಕಟ್. ಜರ್ಸಿ ತುಂಡಿನ ಕಾರ್ಡ್ ಹಿಂಬದಿಯಲ್ಲಿ, ಈ ಬಟ್ಟೆ ಯಾವುದೇ ನಿರ್ದಿಷ್ಟ ಪಂದ್ಯದ್ದಲ್ಲ ಅಂತ ಸಣ್ಣಕ್ಷರ. ಬಿಳಿ ಬಟ್ಟೆಯ ಚೌಕ ಅಷ್ಟೇ!

ಮೆಸ್ಸಿ ಕಾರ್ಡ್ ಅಂದರೆ ಎಲ್ಲರೂ ಹುಡುಕುವ 2004-05ರ ಪಾನಿನಿ ಕಂಪನಿಯ ಮೆಗಾ ಕ್ರ್ಯಾಕ್ಸ್ ಸೆಟ್‌ನ 71ನೇ ನಂಬರಿನದಕ್ಕೆ ಇಷ್ಟೆಲ್ಲ ಅಲಂಕಾರ ಇಲ್ಲ. ಆದರೂ ಜನ ಮುಗಿಬೀಳುತ್ತಾರೆ.

ವಾಪಸ್ ಕೊಡೋಣ ಅಂದರೆ ಸೀಲ್ ಒಡೆದ ಬಾಕ್ಸ್ ತಗೊಳ್ಳುವುದಿಲ್ಲ ಅಂತ ಅಂಗಡಿಯವರು ಮೊದಲೇ ಬರೆದಿರುತ್ತಾರೆ. ಹೊರದೇಶದಿಂದ ಭಾರತಕ್ಕೆ ತರಿಸಿದರೆ ಕಸ್ಟಮ್ಸ್, ಕೊರಿಯರ್ ಖರ್ಚೂ ಸೇರಿ ಬೀಳುತ್ತದೆ. ಅದಕ್ಕೇ ಬಿಡುಗಡೆ ಆಗಿ ಜನ ಪ್ಯಾಕ್ ಒಡೆಯುವ ವಿಡಿಯೋ ಬರುವವರೆಗೆ ಸುಮ್ನೆ ಇರಿ. ಅದರಲ್ಲೂ ಸ್ಟುಡಿಯೋ ಲೈಟ್ ಇಲ್ಲದ, ಮನೆಯ ಬೆಳಕಲ್ಲಿ ತೆಗೆದ ವಿಡಿಯೋ ನೋಡಿ. ಇಷ್ಟವಾದ ಆಟಗಾರನ ಕಾರ್ಡ್ ಬೇಕಿದ್ದರೆ ಬಿಡಿಯಾಗಿ ಕೊಳ್ಳಿ. ಕೊಳ್ಳುವ ಮೊದಲು ನಾಲ್ಕೂ ಮೂಲೆಯ ಫೋಟೋ, ಕಾರ್ಡನ್ನು ಓರೆ ಮಾಡಿ ತೋರಿಸುವ ಸಣ್ಣ ವಿಡಿಯೋ ಕೇಳಿ. ಕೊಡದವರ ಹತ್ತಿರ ಕೊಳ್ಳಲೇಬೇಡಿ.