ಸಣ್ಣ ಅಂಗಡಿಗೆ ಯಾವ ಪ್ರಚಾರ? ಪಾಂಪ್ಲೆಟ್, ಗೂಗಲ್, ವಾಟ್ಸಾಪ್, ಪ್ರೆಸ್ ನೋಟ್, ರೀಲ್ಸ್

"15 ಸಾವಿರ ಇದೆ ಮೇಡಂ, ಯಾವುದಕ್ಕೆ ಹಾಕೋಣ?" ಹೊಸ ಅಂಗಡಿಯವರ ಜೊತೆ ನನ್ನ ಮಾತು ಶುರುವಾಗುವುದು ಹೆಚ್ಚಾಗಿ ಹೀಗೇ. ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ನಾನು ಪ್ರಚಾರದ ಕೆಲಸ ಮಾಡಿಕೊಡುತ್ತೇನೆ. ಏಜೆನ್ಸಿ ಇಲ್ಲ, ಆಫೀಸ್ ಇಲ್ಲ, ನಾನೊಬ್ಬಳೇ. ಹಪ್ಪಳ ಸಂಡಿಗೆ ಮಾರುವವರು, ಬ್ಲೌಸ್ ಹೊಲಿಯುವವರು, ಸೈಕಲ್ ರಿಪೇರಿಯವರು, ನಾಲ್ಕು ಟೇಬಲ್ ಹಾಕಿ ಮೆಸ್ ನಡೆಸುವವರು, ಇಂಥವರ ಕೆಲಸವೇ ಜಾಸ್ತಿ. ಇವರ ದುಡ್ಡಿನಲ್ಲಿ ಏನೇನು ಮಾಡಿ ನೋಡಿದೆ, ಯಾವುದರಿಂದ ಜನ ಬಂದರು ಅನ್ನುವುದನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಅದಕ್ಕೂ ಮೊದಲು, ಜನ ಬಂದದ್ದು ಗೊತ್ತಾಗುವುದು ಹೇಗೆ? ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿಸುತ್ತೇನೆ. ಹೊಸ ಮುಖ ಕಂಡರೆ "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?" ಅಂತ ಕೇಳಿ ಒಂದು ಗೀಟು ಎಳೆಯಬೇಕು. ಪೇಪರ್, ಗೂಗಲ್, ಫೋನ್, ಯಾರೋ ಹೇಳಿದ್ದು, ಹೀಗೆ ಐದಾರು ಕಾಲಂ. ಕೆಲಸ ಒಪ್ಪಿಕೊಳ್ಳುವಾಗ ನಾನು ಹಾಕುವ ಒಂದೇ ಕಟ್ಟುನಿಟ್ಟಿನ ಷರತ್ತು ಇದು. ಲೈಕ್, ವ್ಯೂ ಎಷ್ಟೇ ಬರಲಿ, ಆ ನೋಟ್‌ಬುಕ್ಕಿನಲ್ಲಿ ಗೀಟು ಬೀಳದಿದ್ದರೆ ಅಂಗಡಿಯವರ ದುಡ್ಡು ಹೋಯಿತು ಅಂತಲೇ ಲೆಕ್ಕ.

ಪಾಂಪ್ಲೆಟ್‌ನಿಂದ ಶುರು ಮಾಡುತ್ತೇನೆ. ಪೇಪರ್ ಒಳಗೆ ಸೇರಿಸಿ ಮನೆಮನೆಗೆ ಹಾಕಿಸುವುದು. ಬೆಳಗಿನ ಜಾವ ಪೇಪರ್ ಕಟ್ಟು ಬಿಚ್ಚುವ ಜಾಗಕ್ಕೆ ಹೋಗಿ ಏಜೆಂಟರ ಜೊತೆ ಮಾತಾಡಬೇಕು, ಸಾವಿರಕ್ಕೆ ಇಷ್ಟು ಅಂತ ರೇಟ್ ಇರುತ್ತದೆ. ಇದೆಲ್ಲ ಹಳೇ ಕಾಲದ್ದು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಪೇಪರ್ ತರಿಸುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅಂಗಡಿಗೆ ನಡೆದು ಬರಬಹುದಾದ ಬೀದಿಗಳ ಲೈನ್, ಅಂದರೆ ಪೇಪರ್ ಹಾಕುವ ಹುಡುಗರ ದಾರಿ, ಅದನ್ನು ಮಾತ್ರ ಆರಿಸಿಕೊಳ್ಳಬೇಕು. ಭಾನುವಾರ ಬೇಡ. ಅವತ್ತು ಪುರವಣಿ, ಬೇರೆ ಪಾಂಪ್ಲೆಟ್ ಎಲ್ಲ ಸೇರಿ ನಮ್ಮದು ಎಲ್ಲೋ ಜಾರಿ ಬೀಳುತ್ತದೆ. ಹಪ್ಪಳದ ಅಂಗಡಿಯದಕ್ಕೆ ಹಿಂದಿನ ಪುಟದಲ್ಲಿ ಮೂರು ತಿಂಗಳ ಹಬ್ಬ, ಏಕಾದಶಿ, ಸಂಕಷ್ಟಿ ದಿನಗಳನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಅದನ್ನು ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದೇವೆ ಅಂತ ಹೇಳಿಕೊಂಡು ಬಂದವರಿದ್ದಾರೆ. ಅದೇ ಪಾಂಪ್ಲೆಟ್ ದೊಡ್ಡ ಅಪಾರ್ಟ್‌ಮೆಂಟ್‌ಗಳ ಕಡೆ ಏನೂ ಕೆಲಸ ಮಾಡಲಿಲ್ಲ.

ಫ್ಲೆಕ್ಸ್, ಗೋಡೆ ಪೋಸ್ಟರ್ ನನ್ನ ಪಟ್ಟಿಯಲ್ಲೇ ಇಲ್ಲ. ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರಿಂದಲೂ ರಾಜ್ಯದಲ್ಲಿ ಕಾನೂನಿದೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಪಾಲಿಕೆಯವರು ಊರಿನ ಫ್ಲೆಕ್ಸ್‌ಗಳನ್ನೆಲ್ಲ ಕಿತ್ತುಹಾಕಿದ್ದು ನೆನಪಿರಬಹುದು, ಅಲ್ವಾ?

ಇನ್ನು ಗೂಗಲ್. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಗೀಟು ಬೀಳುವ ಕಾಲಂ ಇದೇ, ಕಟ್ಟಬೇಕಾದ ದುಡ್ಡು ಸೊನ್ನೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂದರೆ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಹೆಸರು, ಸಮಯ, ಫೋಟೊ, ರಿವ್ಯೂ ಎಲ್ಲ ಸೇರಿದ್ದು. ಒಂದು ಸೈಕಲ್ ಅಂಗಡಿಯ ಪಿನ್ ಹಿಂದಿನ ರಸ್ತೆಯಲ್ಲಿ ಕೂತಿತ್ತು. ಮ್ಯಾಪ್ ನಂಬಿ ಬಂದವರು ಯಾರದೋ ಮನೆಯ ಗೇಟ್ ಮುಂದೆ ನಿಂತು ಫೋನ್ ಮಾಡುತ್ತಿದ್ದರು. ಪಿನ್ ಸರಿಸಿದೆ. ವರ್ಗದಲ್ಲಿ ಸುಮ್ನೆ "ಅಂಗಡಿ" ಅಂತಿದ್ದದ್ದನ್ನು ಸೈಕಲ್ ರಿಪೇರಿ ಮಾಡಿದೆ. ಹೆಸರನ್ನು ಬೋರ್ಡಿನಲ್ಲಿರುವ ಹಾಗೇ ಹಾಕಿದೆ. ಪಂಕ್ಚರ್ ಹಾಕುವುದು, ಗೇರ್ ಕೂರಿಸುವುದು, ಮಕ್ಕಳ ಸೈಕಲ್ಲಿನ ಪಕ್ಕದ ಚಕ್ರ ಬಿಚ್ಚುವುದು, ಎಲ್ಲವನ್ನೂ ಕೆಲಸ ನಡೆಯುವಾಗಲೇ ಫೋಟೊ ತೆಗೆದು ಏರಿಸಿದೆ. ಅಷ್ಟೇ ಮಾಡಿದ್ದು. ಆಮೇಲೆ ಫೋನ್ ಕರೆ ಮತ್ತು ದಾರಿ ಕೇಳಿದವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದದ್ದು ಪ್ರೊಫೈಲಿನಲ್ಲೇ ಕಾಣುತ್ತಿತ್ತು.

ಎರಡು ಎಚ್ಚರಿಕೆ ಇವೆ. ಪ್ರೊಫೈಲ್ ಯಾವಾಗಲೂ ಅಂಗಡಿಯವರ ಜಿಮೇಲ್‌ನಲ್ಲೇ ಇರಬೇಕು. ನಾನು ಮ್ಯಾನೇಜರ್ ಆಗಿ ಸೇರಿಕೊಳ್ಳುತ್ತೇನೆ, ಮಾಲೀಕತ್ವ ಮುಟ್ಟುವುದಿಲ್ಲ. ನನ್ನಂಥವರು ಇವತ್ತು ಇರುತ್ತೇವೆ, ನಾಳೆ ಬಿಡುತ್ತೇವೆ, ಅಂಗಡಿಯ ಹೆಸರು ನಮ್ಮ ಕೈಯಲ್ಲಿ ಉಳಿಯಬಾರದು. ಇನ್ನೊಂದು, ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುತ್ತೇವೆ ಅನ್ನುವಂತಿಲ್ಲ, ಗೂಗಲ್ ನಿಯಮದಲ್ಲೇ ಅದು ನಿಷೇಧ. ಕೆಲಸ ಮುಗಿದ ಮೇಲೆ "ಇಷ್ಟ ಆಗಿದ್ರೆ ಎರಡು ಸಾಲು ಬರೀರಿ" ಅಂತ ಬಾಯಿಬಿಟ್ಟು ಕೇಳಿದರೆ ಸಾಕು, ಜನ ಬರೆಯುತ್ತಾರೆ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಕೊಡಿಸುತ್ತೇನೆ.

ಗೂಗಲ್ ಹೊಸಬರನ್ನು ತರುತ್ತದೆ, ಬಂದವರನ್ನು ಮತ್ತೆ ಕರೆಸುವುದು ವಾಟ್ಸಾಪ್. ವಾಟ್ಸಾಪ್ ಬಿಸಿನೆಸ್ ಆಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ಎಲ್ಲರಿಗೂ ಬೇರೆಬೇರೆಯಾಗಿ ಕಳಿಸುವ ಪಟ್ಟಿಗೆ, 256 ಜನ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಇದನ್ನು ಕೊರತೆ ಅನ್ನುವವರಿದ್ದಾರೆ, ನನಗಂತೂ ಇದು ಒಳ್ಳೆಯದೇ. ಬೇಡದವರಿಗೆ ಕಾಟ ಇಲ್ಲ. ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ದಿನಾ ಬೆಳಗ್ಗೆ ಶುಭೋದಯದ ಹೂವು ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿ ಎಂದೆ. ಅದರ ಬದಲು ಆಷಾಢದಲ್ಲಿ ಒಂದೇ ಮೆಸೇಜ್: "ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಬೇಕಿದ್ದರೆ ಈ ತಿಂಗಳ ಕೊನೆಯೊಳಗೆ ಬಟ್ಟೆ ಕೊಡಿ. ಆಮೇಲೆ ಕೊಟ್ಟವರಿಗೆ ಗೌರಿ ಹಬ್ಬಕ್ಕೇ ಸಿಗುವುದು." ಮರುದಿನದಿಂದಲೇ ಕೈಚೀಲ ಹಿಡಿದು ಹೆಂಗಸರು ಬರತೊಡಗಿದರು. ಅದು ಜಾಹೀರಾತಿನ ಹಾಗೆ ಇರಲೇ ಇಲ್ಲ, ಅವರಿಗೆ ಬೇಕಾಗಿದ್ದ ಸುದ್ದಿ ಅದು. ಹಬ್ಬದ ವಾರ ರಾತ್ರಿಯೆಲ್ಲ ಮಿಷನ್ ತುಳಿಯುವುದೂ ಅಕ್ಕನಿಗೆ ತಪ್ಪಿತು.

ಪ್ರೆಸ್ ನೋಟ್, ಅಂದರೆ ಪತ್ರಿಕೆಗಳಿಗೆ ಸುದ್ದಿ ಬರೆದು ಕಳಿಸುವುದು, ನನಗೆ ತುಂಬಾ ಇಷ್ಟದ ಕೆಲಸ, ಆದರೆ ಎಲ್ಲ ಅಂಗಡಿಗೂ ಅಲ್ಲ. "ನಮ್ಮ ಅಂಗಡಿ ಚೆನ್ನಾಗಿದೆ" ಅನ್ನುವುದು ಸುದ್ದಿಯಲ್ಲ. ವರದಿಗಾರರಿಗೆ ಇವತ್ತೇ ಬರೆಯಲು ಒಂದು ಕಾರಣ ಬೇಕು. ಜೂನ್ 3 ವಿಶ್ವ ಸೈಕಲ್ ದಿನ, 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿದ್ದು. ಅವತ್ತು ಶಾಲೆ ಮಕ್ಕಳ ಸೈಕಲ್‌ಗಳಿಗೆ ಉಚಿತವಾಗಿ ಬ್ರೇಕ್ ಸರಿಮಾಡಿಕೊಡೋಣ ಅಂತ ಆ ಸೈಕಲ್ ಅಂಗಡಿಯವರೇ ಮುಂದೆ ಬಂದರು. ನೋಟ್ ಒಂದು ವಾರ ಮೊದಲೇ ಕಳಿಸಿದೆ. ಕನ್ನಡದಲ್ಲಿ, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರದಲ್ಲಿ, ಮೇಲ್‌ನ ಒಳಗೇ ಪೇಸ್ಟ್ ಮಾಡಿ, ಫೋಟೊ ಬೇರೆಯಾಗಿ. ಪಿಡಿಎಫ್ ಆದರೆ ಡೆಸ್ಕಿನವರು ಮತ್ತೆ ಟೈಪ್ ಮಾಡಬೇಕು, ಅಷ್ಟು ಪುರುಸೊತ್ತು ಅವರಿಗೆಲ್ಲಿ? ಒಂದು ದಿನಪತ್ರಿಕೆಯ ನಗರ ಪುಟದಲ್ಲಿ ಬಂತು. ಅದು ತಂದ ಜನ ಕೆಲವೇ ದಿನದ ಮಾತು, ನಿಜ. ಆದರೆ ಫ್ರೇಮ್ ಹಾಕಿಸಿದ ಆ ಪೇಪರ್ ತುಣುಕು ಗಲ್ಲಾದ ಹಿಂದೆ ಈಗಲೂ ಇದೆ, ಹೊಸ ಗಿರಾಕಿ ಮೊದಲು ಓದುವುದು ಅದನ್ನೇ. ತಿಂಡಿ, ಕುರುಕಲು ಮಾರುವವರಿಗೆ ಕಾರ್ತೀಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆ, ಚಳಿಗಾಲದ ಅವರೆಕಾಯಿ ಸೀಸನ್ ಇಂಥವೇ ಕಾರಣಗಳು. ಸುದ್ದಿ ಹಾಕಿಸಲು ದುಡ್ಡು ಕೊಡಿ ಅನ್ನುವ ಮಧ್ಯವರ್ತಿಗಳಿಂದ ದೂರ ಇರುತ್ತೇನೆ. ದುಡ್ಡು ಕೊಡುವುದಾದರೆ ನೇರವಾಗಿ ಜಾಹೀರಾತೇ ಕೊಡಬಹುದಲ್ಲ.

ರೀಲ್ಸ್ ಬಗ್ಗೆ ನನ್ನ ಮಾತು ಕೆಲವರಿಗೆ ಇಷ್ಟವಾಗದು. ಅಂಗಡಿಯವರೆಲ್ಲ ಮೊದಲು ಕೇಳುವುದೇ ಇದನ್ನು. ವಿಜಯನಗರದ ಒಂದು ಮೆಸ್‌ಗೆ ತಿಂಡಿ ರೀಲ್ಸ್ ಮಾಡುವವರನ್ನು ಕರೆಸಿದೆವು. ವಿಡಿಯೊ ಚೆನ್ನಾಗೇ ಬಂತು, ಓಡಿತು. ಆ ಶನಿವಾರ ಬಾಗಿಲಲ್ಲಿ ಕ್ಯೂ. ಮುದ್ದೆ ಹನ್ನೆರಡೂವರೆಗೇ ಖಾಲಿ. ವರ್ಷಗಳಿಂದ ದಿನಾ ಬರುತ್ತಿದ್ದ ಹಿರಿಯರೊಬ್ಬರು ಬಿಸಿಲಲ್ಲಿ ನಿಂತು, ಊಟ ಮಾಡದೆ ವಾಪಸ್ ಹೋದರು. ಯಜಮಾನರಿಗೆ ಅದು ತುಂಬಾ ಬೇಜಾರು ತಂದಿತು, ನನಗೂ. ಎರಡು ವಾರ ಕಳೆಯುವಷ್ಟರಲ್ಲಿ ಕ್ಯೂ ಕರಗಿತು. ಆದರೆ ಹಪ್ಪಳದ ಅಂಗಡಿಗೆ ರೀಲ್ಸ್ ಬಂಗಾರದಂಥ ಕೆಲಸ ಮಾಡಿತು, ಯಾಕೆಂದರೆ ಅವರು ಕೊರಿಯರ್ ಮಾಡುತ್ತಾರೆ. ಕಲಬುರಗಿಯಲ್ಲಿ ಕೂತು ನೋಡಿದವರು ಮುದ್ದೆ ಊಟಕ್ಕೆ ಬರಲಾರರು, ಸಂಡಿಗೆ ತರಿಸಿಕೊಳ್ಳಬಲ್ಲರು. ದುಡ್ಡು ಕೊಟ್ಟು ಮಾಡಿಸಿದ ರೀಲ್ಸ್ ಮೇಲೆ ಜಾಹೀರಾತು ಅಂತ ಕಾಣುವ ಹಾಗೆ ಹಾಕಲೇಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ಇಲಾಖೆ 2023ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿವೆ. ಹಾಕುವುದಿಲ್ಲ ಅಂದವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ನನ್ನ ಫೀಸು ಎರಡು ಥರ. ಗೂಗಲ್ ಸರಿಮಾಡುವುದು, ಪ್ರೆಸ್ ನೋಟ್ ಇವಕ್ಕೆ ಒಂದು ಕೆಲಸಕ್ಕೆ ಇಷ್ಟು. ವಾಟ್ಸಾಪ್ ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಇಷ್ಟು, ಅದೂ ಮೂರು ತಿಂಗಳು ಮಾತ್ರ. ಅಷ್ಟರಲ್ಲಿ ಅಂಗಡಿಯವರ ಮಗಳೋ ಸೊಸೆಯೋ ಕಲಿತುಬಿಡುತ್ತಾರೆ. ವ್ಯಾಪಾರದಲ್ಲಿ ಪರ್ಸೆಂಟೇಜ್ ಕೊಡುತ್ತೇವೆ ಅನ್ನುವವರಿಗೆ ಬೇಡ ಅನ್ನುತ್ತೇನೆ. ಜಾಸ್ತಿಯಾದ ವ್ಯಾಪಾರದಲ್ಲಿ ಎಷ್ಟು ನನ್ನಿಂದ, ಎಷ್ಟು ಹಬ್ಬದಿಂದ ಅಂತ ಪ್ರತಿ ತಿಂಗಳೂ ಕೂತು ಎಳೆದಾಡಿದರೆ ಸಂಬಂಧ ಕೆಡುತ್ತದೆ.

ಈಗ ಶ್ರೀನಗರದ ಒಂದು ಹಿಟ್ಟಿನ ಗಿರಣಿಯ ಕೆಲಸ ಹಿಡಿದಿದ್ದೇನೆ. ಮ್ಯಾಪ್‌ನಲ್ಲಿ ಸಮಯ ತಿದ್ದಿದ್ದಾಗಿದೆ. ರಾಗಿ ಬೀಸುವ ಹೊತ್ತು, ಖಾರದಪುಡಿ ಮಾಡುವ ದಿನ ಬೇರೆ ಬೇರೆ, ಅದನ್ನೂ ಬರೆದಿದ್ದೇವೆ. ಸುತ್ತಲಿನ ನಾಲ್ಕು ಲೈನಿಗೆ ಪಾಂಪ್ಲೆಟ್ ಬರುವ ಬುಧವಾರ ಹೋಗುತ್ತದೆ. ಯಜಮಾನರ ಮಗನಿಗೆ ರೀಲ್ಸ್ ಮೇಲೆ ಆಸೆ. ಹುರಿಹಿಟ್ಟಿನ ಪ್ಯಾಕೆಟ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಬಂದು, ಕೊರಿಯರ್ ವ್ಯವಸ್ಥೆ ಆಗಲಿ, ಆಮೇಲೆ ಮಾಡೋಣ ಅಂತ ಹೇಳಿದ್ದೇನೆ.