ಪೈಥಾನ್ ವಿಂಡೋದಲ್ಲಿ ಆಟ: ಪೈಥಾನ್-ವಿಎಲ್‌ಸಿ ಬಳಸಿದ ಐದು ವರ್ಷ

ನಾನು ಸಾಫ್ಟ್‌ವೇರ್ ಕಂಪನಿಯವನಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ಸ್ವಲ್ಪ ಅಡಿಕೆ ತೋಟ, ಜೊತೆಗೆ ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು 2020ರ ಲಾಕ್‌ಡೌನಿನಲ್ಲಿ, ಮದುವೆಗಳೆಲ್ಲ ನಿಂತುಹೋಗಿ ಕೈಗೆ ಕೆಲಸ ಇಲ್ಲದಾಗ. ಅದೇ ಹೊತ್ತಿಗೆ ಸೋದರಮಾವ ಒಂದು ಬಿಸ್ಕತ್ ಡಬ್ಬಿ ತುಂಬ ಯಕ್ಷಗಾನದ ಮಿನಿ ಡಿವಿ ಟೇಪು (ಹಳೇ ವಿಡಿಯೋ ಕ್ಯಾಮೆರಾದ ಸಣ್ಣ ಕ್ಯಾಸೆಟ್) ತಂದು ಜಗಲಿಯಲ್ಲಿಟ್ಟರು.

"ಎಲ್ಲ ಹಳೇ ಆಟಗಳು. ನಾನು ಚೆಂಡೆ ಬಾರಿಸಿದ್ದು ಉಂಟು. ನನಗೆ ಬೇಕಾದ ಪದ ಒತ್ತಿದ ಕೂಡಲೇ ಬರುವ ಹಾಗೆ ಮಾಡಿ ಕೊಡು ಮಾರಾಯ" ಅಂದರು.

ಅವರಿಗೆ ಬೇಕಾದದ್ದು ಇಷ್ಟೇ. ಎಡಗಡೆ ವಿಡಿಯೋ, ಬಲಗಡೆ ಪದಗಳ, ಅಂದರೆ ಭಾಗವತರು ಹಾಡುವ ಹಾಡುಗಳ ಪಟ್ಟಿ, ಪದದ ಮೇಲೆ ಒತ್ತಿದರೆ ವಿಡಿಯೋ ಅಲ್ಲಿಗೇ ಹೋಗಬೇಕು. ಒಂದು ವಾರದ ಕೆಲಸ ಅಂದುಕೊಂಡೆ. ಆ ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು.

ನಾನು ಮೊದಲು ಹಿಡಿದದ್ದು ಓಪನ್‌ಸಿವಿ ಎಂಬ ಲೈಬ್ರರಿ. ಪೈಥಾನಿನಲ್ಲಿ ವಿಡಿಯೋ ಅಂದ ಕೂಡಲೇ ಎಲ್ಲರೂ ಅದನ್ನೇ ತೋರಿಸುತ್ತಾರೆ. ಒಂದೊಂದೇ ಫ್ರೇಮ್ ಓದುವುದು, ಟಿಕಿಂಟರ್ (ಪೈಥಾನಿನಲ್ಲಿ ವಿಂಡೋ ಮಾಡುವ ಲೈಬ್ರರಿ) ವಿಂಡೋದ ಲೇಬಲ್‌ಗೆ ಅಂಟಿಸುವುದು. ಚಿತ್ರವೇನೋ ಬಂತು. ಆದರೆ ಬಣ್ಣದ ವೇಷದ ಕೆಂಪು ಮುಖ ಪೂರ್ತಿ ನೀಲಿ! ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ, ಟಿಕಿಂಟರ್ ಕಡೆಯವರು ಕೆಂಪಿನಿಂದ ಶುರು ಮಾಡುತ್ತಾರೆ. ಒಂದು ಸಾಲು ಸೇರಿಸಿದರೆ ಸರಿಯಾಗುತ್ತದೆ, ಅದು ಗೊತ್ತಾಗುವವರೆಗೆ ನಾನು ಟೇಪೇ ಹಾಳಾಗಿದೆ ಅಂದುಕೊಂಡಿದ್ದೆ. ಚಿತ್ರದ ಮೇಲೆ ಪದದ ಹೆಸರು ಬರೆಯೋಣ ಅಂದರೆ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಅಕ್ಷರ ಬರೆಯುವ ಅದರ ಪುಟ್‌ಟೆಕ್ಸ್ಟ್‌ಗೆ ಕನ್ನಡ ಬರುವುದೇ ಇಲ್ಲ.

ಇದೆಲ್ಲ ಸಣ್ಣದು. ದೊಡ್ಡ ತೊಂದರೆ ಶಬ್ದ. ಓಪನ್‌ಸಿವಿ ಶಬ್ದ ನುಡಿಸುವುದಿಲ್ಲ, ಅದು ಚಿತ್ರದ ಲೆಕ್ಕಾಚಾರಕ್ಕೆ ಮಾಡಿದ್ದು. ನಾನು ಆಡಿಯೋ ಬೇರೆ ತೆಗೆದು, ಅದನ್ನು ಬೇರೆ ಲೈಬ್ರರಿಯಲ್ಲಿ ಓಡಿಸಿ, ಚಿತ್ರವನ್ನು 40 ಮಿಲಿಸೆಕೆಂಡಿಗೆ ಒಂದರಂತೆ ಬದಲಿಸುತ್ತಾ ಹೋದೆ. ನಮ್ಮ ಟೇಪು ಸೆಕೆಂಡಿಗೆ 25 ಫ್ರೇಮಿನದ್ದು, ಲೆಕ್ಕ ಸರಿ ಅಲ್ವಾ? ಅಲ್ಲ. ಫ್ರೇಮ್ ಓದಿ ಅಂಟಿಸುವುದಕ್ಕೇ ಏಳೆಂಟು ಮಿಲಿಸೆಕೆಂಡ್ ಹೋಗುತ್ತದೆ, ಅದಾದ ಮೇಲೆ 40ರ ಕಾಯುವಿಕೆ. ಹತ್ತು ನಿಮಿಷ ಓಡುವಷ್ಟರಲ್ಲಿ ಚಿತ್ರ ಒಂದೂವರೆ ನಿಮಿಷ ಹಿಂದೆ ಬಿದ್ದಿತ್ತು. ಭಾಗವತರು ಮಂಗಳ ಹಾಡುತ್ತಿದ್ದಾರೆ, ವಿಂಡೋದಲ್ಲಿ ಇನ್ನೂ ಯುದ್ಧ.

ಗಡಿಯಾರ ನೋಡಿ ಫ್ರೇಮ್ ಬಿಟ್ಟು ಬಿಟ್ಟು ಹೋಗುವ ಹಾಗೆ ಮಾಡಿದೆ. ನನ್ನ ಕಣ್ಣಿಗೆ ಸರಿಯಾಯಿತು. ಮಾವನನ್ನು ಕರೆದು ತೋರಿಸಿದೆ. ಅರ್ಧ ನಿಮಿಷ ನೋಡಿದವರೇ ಕೈಯೆತ್ತಿದರು. "ಕೋಲು ಬಿದ್ದಾದ ಮೇಲೆ ಪೆಟ್ಟು ಕೇಳ್ತಾ ಉಂಟಲ್ಲ?" ಮಾತಾಡುವ ವಿಡಿಯೋದಲ್ಲಿ ಆ ಸಣ್ಣ ವ್ಯತ್ಯಾಸ ಯಾರಿಗೂ ಗೊತ್ತಾಗದು. ಚೆಂಡೆಯವರ ಎದುರು ಆಗುವ ಕೆಲಸ ಅಲ್ಲ ಅದು.

ಆಮೇಲೆ ಬಂದದ್ದು ಪೈಥಾನ್-ವಿಎಲ್‌ಸಿ, ಈ ವಿಮರ್ಶೆ ಅದರದ್ದೇ. ಇದು ಸ್ವತಃ ಪ್ಲೇಯರ್ ಅಲ್ಲ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ವಿಎಲ್‌ಸಿ ವಿಡಿಯೋ ಪ್ಲೇಯರಿನ ಒಳಗಿನ ಎಂಜಿನ್, ಅಂದರೆ ಲಿಬ್‌ವಿಎಲ್‌ಸಿಯನ್ನು, ಪೈಥಾನಿನಿಂದ ಕರೆಯಲು ಇರುವ ತೆಳ್ಳಗಿನ ಸೇತುವೆ. ದುಡ್ಡು ಕೊಡಬೇಕಿಲ್ಲ. ಉಪಾಯವೂ ಸರಳ. ನಮ್ಮ ವಿಂಡೋದಲ್ಲಿ ಒಂದು ಖಾಲಿ ಚೌಕಟ್ಟು ಇಟ್ಟು, ಅದರ ನಂಬರನ್ನು ವಿಎಲ್‌ಸಿಗೆ ಕೊಟ್ಟುಬಿಡುವುದು. ವಿಂಡೋಸ್‌ನಲ್ಲಿ ಸೆಟ್-ಎಚ್‌ಡಬ್ಲ್ಯುಎನ್‌ಡಿ, ಲಿನಕ್ಸ್‌ನಲ್ಲಿ ಸೆಟ್-ಎಕ್ಸ್‌ವಿಂಡೋ, ಮ್ಯಾಕ್‌ನಲ್ಲಿ ಸೆಟ್-ಎನ್‌ಎಸ್‌ಆಬ್ಜೆಕ್ಟ್. ಡಿಕೋಡ್, ಶಬ್ದ, ಎರಡರ ಹೊಂದಾಣಿಕೆ ಎಲ್ಲ ಅದರ ಹೊಣೆ. ಜಾಗ ನಮ್ಮದು, ಅಡಿಗೆ ಅವರದ್ದು. ನನ್ನ ಇನ್ನೂರು ಸಾಲಿನ ಕೋಡ್ ಮೂವತ್ತಕ್ಕೆ ಇಳಿಯಿತು. ಮಾವ ಮತ್ತೆ ನೋಡಿದರು, ಏನೂ ಹೇಳಲಿಲ್ಲ. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಮೊದಲ ದಿನವೇ ವಿಡಿಯೋ ನನ್ನ ವಿಂಡೋ ಬಿಟ್ಟು ಬೇರೆಯೇ ಒಂದು ವಿಂಡೋದಲ್ಲಿ ತೆರೆದುಕೊಂಡಿತ್ತು, ಮೇಲೆ 'ವಿಎಲ್‌ಸಿ ಡೈರೆಕ್ಟ್3ಡಿ11 ಔಟ್‌ಪುಟ್' ಅಂತ ಹೆಸರು. ನಿಮಗೂ ಹಾಗಾದರೆ ಚೌಕಟ್ಟಿನ ನಂಬರ್ ಸರಿಯಾಗಿ ಕೊಟ್ಟಿಲ್ಲ ಅಂತ ಅರ್ಥ. ವಿಂಡೋ ಮೊದಲು ತೆರೆಯ ಮೇಲೆ ಬರಲಿ, ಒಮ್ಮೆ ಅಪ್‌ಡೇಟ್ ಕರೆಯಿರಿ, ಆಮೇಲೆ ನಂಬರ್ ಕೊಡಿ, ಆಮೇಲೆ ಪ್ಲೇ. ಇನ್ನೊಂದು ಕಿರಿಕಿರಿ, ವಿಡಿಯೋ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸ್ಪೇಸ್ ಕೀ ಕೆಲಸ ಮಾಡುತ್ತಿರಲಿಲ್ಲ. ಕೀಬೋರ್ಡು, ಮೌಸು ಎರಡನ್ನೂ ವಿಎಲ್‌ಸಿಯೇ ನುಂಗುತ್ತಿತ್ತು. ಅದನ್ನು ಬೇಡ ಅನ್ನಲು ಎರಡು ಸೆಟ್ಟಿಂಗ್ ಇವೆ, ಹಾಕಿದ ಮೇಲೆ ಸರಿ.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ಟೇಪಿನ ಕೊನೆ. ಒಂದು ಟೇಪು 60 ನಿಮಿಷ. ರಾತ್ರಿಯಿಡೀ ನಡೆದ ಆಟ ಅಂದರೆ ಎಂಟು ಒಂಬತ್ತು ಟೇಪು. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗಲಿ ಅಂತ, ವಿಡಿಯೋ ಮುಗಿದಾಗ ಬರುವ ಈವೆಂಟಿನೊಳಗೇ ಮುಂದಿನ ಫೈಲು ಹಾಕಿ ಪ್ಲೇ ಬರೆದೆ. ಪ್ರತಿ ಸಲವೂ ಟೇಪು ಮುಗಿದಲ್ಲಿಗೆ ಪ್ರೋಗ್ರಾಂ ಕಲ್ಲಾಗಿ ನಿಲ್ಲುತ್ತಿತ್ತು. ಎರರ್ ಇಲ್ಲ, ಏನಿಲ್ಲ. ಕರೆಂಟ್ ಬಂದು ಹೋಗುವ ಊರು ನಮ್ಮದು, ಮೊದಲು ಅದರ ಮೇಲೆಯೇ ತಪ್ಪು ಹೊರಿಸಿದೆ. ವಿಷಯ ಏನೆಂದರೆ ಆ ಈವೆಂಟ್ ಬರುವುದು ವಿಎಲ್‌ಸಿಯ ಸ್ವಂತ ಥ್ರೆಡ್‌ನಿಂದ, ಅಂದರೆ ಅದರೊಳಗೆ ಬೇರೆಯಾಗಿ ಓಡುತ್ತಿರುವ ಕೆಲಸದಿಂದ. ಅದರೊಳಗೆ ನಿಂತು ಮತ್ತೆ ವಿಎಲ್‌ಸಿಯನ್ನೇ ಕರೆದರೆ ಅದು ತನ್ನನ್ನೇ ಕಾಯುತ್ತಾ ಕೂರುತ್ತದೆ. ಈಗ ಈವೆಂಟಿನಲ್ಲಿ 'ಮುಗಿಯಿತು' ಅಂತ ಒಂದು ಗುರುತು ಮಾತ್ರ ಹಾಕುತ್ತೇನೆ. ಟಿಕಿಂಟರಿನ 'ಆಫ್ಟರ್' ಎಂಬ ಟೈಮರ್ ಕಾಲು ಸೆಕೆಂಡಿಗೊಮ್ಮೆ ಆ ಗುರುತು ನೋಡಿ ಮುಂದಿನ ಟೇಪು ಹಾಕುತ್ತದೆ. ಅಲ್ಲಿಂದ ಇಲ್ಲಿವರೆಗೆ ಒಮ್ಮೆಯೂ ನಿಂತಿಲ್ಲ.

ಸಮಯದ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಸಮಾಧಾನ ಇಲ್ಲ. ಈಗ ಎಷ್ಟನೇ ಸೆಕೆಂಡ್ ಅಂತ ಕೇಳಿದರೆ ವಿಎಲ್‌ಸಿ 3 ಕೊಡುವ ಉತ್ತರ ಸೆಕೆಂಡಿಗೆ ಮೂರ್ನಾಲ್ಕು ಸಲ ಮಾತ್ರ ಬದಲಾಗುತ್ತದೆ. ಪದ ಶುರುವಾದಾಗ ಎಂಟರ್ ಒತ್ತಿ ಗುರುತು ಹಾಕಿದರೆ ಕಾಲು ಸೆಕೆಂಡ್ ಆಚೆ ಈಚೆ. ನಾನು ಎಲ್ಲ ಗುರುತಿನಿಂದ ಅರ್ಧ ಸೆಕೆಂಡ್ ಕಳೆದುಬಿಟ್ಟೆ, ಪದಕ್ಕೆ ಮೊದಲಿನ ಒಂದು ಉಸಿರು ಕೇಳಿದರೆ ನಷ್ಟ ಇಲ್ಲ.

ಫೈಲಿನ ಬಗ್ಗೆಯೂ ಒಂದು ಮಾತು. ಡಿವಿ ಟೇಪು ಹಾಗೇ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ. ಫೈಲು ಸಣ್ಣದಾಗಲಿ ಅಂತ ಎಚ್.264 ಎಂಬ ಫಾರ್ಮ್ಯಾಟಿಗೆ ಬದಲಿಸಿದೆ. ಆದರೆ ಎನ್‌ಕೋಡರಿನ ಮಾಮೂಲು ಸೆಟ್ಟಿಂಗಿನಲ್ಲಿ ಎರಡು ಕೀಫ್ರೇಮ್‌ಗಳ (ಪೂರ್ತಿ ಚಿತ್ರ ಇರುವ ಫ್ರೇಮ್) ನಡುವೆ 250 ಫ್ರೇಮ್‌ವರೆಗೆ ಇರಬಹುದು, ನಮ್ಮ ಲೆಕ್ಕದಲ್ಲಿ ಹತ್ತು ಸೆಕೆಂಡ್. ಪದದ ಮೇಲೆ ಒತ್ತಿದರೆ ಚಿತ್ರ ತಡವರಿಸಿ ಬರುತ್ತಿತ್ತು. ಸೆಕೆಂಡಿಗೊಂದು ಕೀಫ್ರೇಮ್ ಇಟ್ಟು ಮತ್ತೆ ಎನ್‌ಕೋಡ್ ಮಾಡಿದೆ. ಫೈಲು ಸ್ವಲ್ಪ ಉಬ್ಬಿತು, ಆದರೆ ಒತ್ತಿದ ತಕ್ಷಣ ಪದ.

ಹಾಗೆಯೇ ಧೀಂಗಿಣ, ಅಂದರೆ ಗಿರಗಿರ ತಿರುಗುವ ಕುಣಿತ. ಹಳೇ ಕ್ಯಾಮೆರಾದ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ (ಒಂದು ಬಿಟ್ಟು ಒಂದು ಸಾಲು ಬೇರೆ ಬೇರೆ ಕ್ಷಣದ್ದು), ವೇಷಧಾರಿ ತಿರುಗಲು ಶುರುಮಾಡಿದರೆ ಕೈಕಾಲಿನ ಅಂಚೆಲ್ಲ ಬಾಚಣಿಗೆ ಹಲ್ಲು. ಓಪನ್‌ಸಿವಿಯಲ್ಲಿ ಇದಕ್ಕೆ ನಾನೇ ಏನೋ ಬರೆಯಬೇಕಿತ್ತು. ಇಲ್ಲಿ ಡಿಇಂಟರ್‌ಲೇಸ್‌ಗೆ 'ಯಾಡಿಫ್' ಅಂತ ಒಂದು ಸಾಲು, ಅಷ್ಟೇ.

2022ರಲ್ಲಿ ಮಾವನ ಕಂಪ್ಯೂಟರ್ ರಿಪೇರಿಗೆ ಹೋಗಿ ಬಂದಾಗ ಪ್ರೋಗ್ರಾಂ ತೆರೆಯಲೇ ಇಲ್ಲ. ಅಂಗಡಿಯವರು ವಿಂಡೋಸ್ ಜೊತೆಗೆ ವಿಎಲ್‌ಸಿಯನ್ನೂ ಹೊಸದಾಗಿ ಹಾಕಿದ್ದರು, ಆದರೆ 32 ಬಿಟ್‌ನದ್ದು. ನಾನು ಹಾಕಿದ ಪೈಥಾನ್ 64 ಬಿಟ್. ಎರಡೂ ಒಂದೇ ಆಗಿರಬೇಕು, ಇಲ್ಲದಿದ್ದರೆ ವಿಎಲ್‌ಸಿಯ ಡಿಎಲ್‌ಎಲ್ ಫೈಲು ಲೋಡ್ ಆಗುವುದಿಲ್ಲ. ಬೇರೆಯವರ ಕಂಪ್ಯೂಟರಿಗೆ ಪ್ರೋಗ್ರಾಂ ಕೊಡುವವರು ಇದನ್ನು ಮೊದಲೇ ನೋಡಿಕೊಳ್ಳಿ. ನಾನು ಸಂಜೆ ಮಳೆಯಲ್ಲಿ ಬೈಕ್ ತೆಗೆದುಕೊಂಡು ಮುಳ್ಳೇರಿಯಕ್ಕೆ ಹೋಗಬೇಕಾಯಿತು.

ನನ್ನ ಲ್ಯಾಪ್‌ಟಾಪ್ ಲಿನಕ್ಸ್. ಅಲ್ಲಿ ವಿಡಿಯೋಗಿಂತ ಪಟ್ಟಿಯೇ ಸಮಸ್ಯೆ. ಟಿಕಿಂಟರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದಿತ್ತು, 'ಪದ್ಯ' ಅಂತ ಬರೆದರೆ ಯ ಒತ್ತು ಪಕ್ಕಕ್ಕೆ ಜಾರಿ ಕೂತಿರುತ್ತಿತ್ತು. ಹಾಗಾಗಿ ವಿಂಡೋ ಮಾಡುವ ಇನ್ನೊಂದು ಲೈಬ್ರರಿ ಕ್ಯೂಟಿಗೆ ಬದಲಿಸಿದೆ, ಕನ್ನಡ ಚಂದ ಬಂತು. ವಿಎಲ್‌ಸಿಯ ಸಾಲುಗಳನ್ನು ಮುಟ್ಟಲೇ ಇಲ್ಲ, ನಂಬರ್ ಕೇಳುವ ಒಂದು ಸಾಲು ಮಾತ್ರ ಬೇರೆ. ಲಿನಕ್ಸಿನಲ್ಲಿ ವಿಂಡೋ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ವಿಡಿಯೋ ಮತ್ತೆ ಹೊರಗೆ ಹಾರಿತು. ಕ್ಯೂಟಿಯನ್ನು ಹಳೇ ಎಕ್ಸ್ ವ್ಯವಸ್ಥೆಯ ಎಕ್ಸ್‌ಸಿಬಿಯಲ್ಲಿ ಓಡಿಸಿದರೆ ಒಳಗೆ ಬರುತ್ತದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮುಖ ಗುರುತಿಸುವುದು, ವಾಹನ ಎಣಿಸುವುದು ಅಂತ ಪ್ರತಿ ಫ್ರೇಮನ್ನೂ ಮುಟ್ಟಿ ಏನಾದರೂ ಮಾಡುವವರಿಗೆ ಓಪನ್‌ಸಿವಿಯೇ ಸರಿ. ಶಬ್ದದ ಜೊತೆ ನೋಡುವುದಕ್ಕೆ ಮಾತ್ರ ಅದನ್ನು ಹಿಡಿಯಬೇಡಿ.

ಉಳಿದ ಒಂದು ಅಂಕ ಕಳೆದುಕೊಂಡದ್ದು ಹೋದ ವರ್ಷ, ಆಟಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ. ಮಾವನ ಹತ್ತಿರ ಚೆಂಡೆ ಕಲಿಯುವ ಮಕ್ಕಳು ಬಂದಿದ್ದರು. ಅವರಿಗೆ ಕೈ ತೋರಿಸಬೇಕು ಅಂತ ಮಾವ ವಿಡಿಯೋ ನಿಲ್ಲಿಸಿ, "ಒಂದು ಚೂರು ಹಿಂದೆ ಹೋಗು, ಕೋಲು ಮೇಲಿರುವಲ್ಲಿಗೆ" ಅಂದರು. ವಿಎಲ್‌ಸಿ 3ರಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋಗಬಹುದು, ಹಿಂದೆ ಬರುವ ದಾರಿ ಇಲ್ಲ. ಅರ್ಧ ಸೆಕೆಂಡ್ ಹಿಂದೆ ಹಾರಿ, ಮತ್ತೆ ಮುಂದೆ ಮುಂದೆ ಒತ್ತಿ, ಮಕ್ಕಳು ಆಕಳಿಸಿದರು. ಆ ಕೆಲಸಕ್ಕೆ ಈಗ ಎಂಪಿವಿ ಎಂಬ ಇನ್ನೊಂದು ಪ್ಲೇಯರ್ ಹಾಕಿ ಕೊಟ್ಟಿದ್ದೇನೆ, ಅದರಲ್ಲಿ ಕಾಮಾ ಒತ್ತಿದರೆ ಒಂದು ಫ್ರೇಮ್ ಹಿಂದೆ ಬರುತ್ತದೆ. ಮಾವ ಆ ಕೀಯ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡಿದ್ದಾರೆ. ಪದ ಹುಡುಕಲು ಮಾತ್ರ ಹಳೇ ವಿಂಡೋವೇ ಬೇಕಂತೆ. ಡಬ್ಬಿಯಲ್ಲಿ ಇನ್ನೂ ಹನ್ನೊಂದು ಟೇಪು ಇವೆ, ಎರಡಕ್ಕೆ ಬೂಷ್ಟು ಹಿಡಿದಿದೆ.