ಕಪ್ಪು-ಬಿಳುಪೋ, ನೀಲಿ ಛಾಯೆಯೋ, ಬಣ್ಣವೋ?

ಉತ್ತರ ಕನ್ನಡದ ಫೋಟೊ ತೆಗೆದು ಗೋಡೆಗೆ ಹಾಕಬೇಕು ಅಂತಿದ್ದೀರಾ? ಯಾವ ಚಿತ್ರಕ್ಕೆ ಯಾವುದು ಒಪ್ಪುತ್ತದೆ ಎಂದು ಮೊದಲೇ ಯೋಚಿಸಿ.

ಯಾಣಕ್ಕೆ ಕಪ್ಪು-ಬಿಳುಪೇ ಸರಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲು. ಅಲ್ಲಿ ನೋಡಬೇಕಾದದ್ದು ಬಿರುಕು, ಒರಟು, ನೆರಳು. ಬಣ್ಣದ ಫೋಟೊದಲ್ಲಿ ಸುತ್ತಲಿನ ಹಸಿರೇ ಕಣ್ಣನ್ನು ಎಳೆದುಬಿಡುತ್ತದೆ.

ಕಾರವಾರದ ಕಡಲಿಗೆ ನನ್ನ ಆಯ್ಕೆ ಸಯನೋಟೈಪ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ, ಫೋಟೊವನ್ನು ನೀಲಿಯಲ್ಲಿ ಮುದ್ರಿಸುವ ವಿಧಾನ ಇದು. ಕಬ್ಬಿಣದ ಲವಣಗಳ ದ್ರಾವಣವನ್ನು ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯಬೇಕು. ಆಮೇಲೆ ನೀರಲ್ಲಿ ತೊಳೆದರೆ ಗಾಢ ನೀಲಿ ಚಿತ್ರ ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ! ಆದರೆ ಇದಕ್ಕೆ ಬಿಸಿಲಿನ ಅತಿನೇರಳೆ ಕಿರಣ ಬೇಕು. ಹಾಗಾಗಿ ನಮ್ಮ ಮಳೆಗಾಲದಲ್ಲಿ ಕೈಹಾಕಬೇಡಿ, ಕಾಗದವೂ ಸರಿಯಾಗಿ ಒಣಗುವುದಿಲ್ಲ. ಸೋಪಿನ ನೀರನ್ನಂತೂ ತಾಗಿಸಲೇಬೇಡಿ. ಕ್ಷಾರ ಬಿದ್ದರೆ ನೀಲಿ ಮಾಸುತ್ತದೆ.

ಯಕ್ಷಗಾನಕ್ಕೆ ಮಾತ್ರ ಬಣ್ಣವೇ ಬೇಕು. ಒಂದೇ ಹೊಳಪಿನ ಕೆಂಪು, ಹಸಿರು ಎರಡೂ ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಆಗಿಬಿಡುತ್ತವೆ. ವೇಷದ ಜೀವವೇ ಹೋದಂತೆ.

ಹಳೆಯ ಹಳದಿ ಸೋಡಿಯಂ ದೀಪದಡಿ ತೆಗೆದ ಫೋಟೊ ಇದ್ದರೆ ಬಣ್ಣ ಸರಿಪಡಿಸಲು ಒದ್ದಾಡಬೇಡಿ. ಕಡಿಮೆ ಒತ್ತಡದ ಸೋಡಿಯಂ ದೀಪದ ಬೆಳಕು ಬಹುತೇಕ 589 ನ್ಯಾನೊಮೀಟರ್ ತರಂಗಾಂತರದ ಸುತ್ತಲೇ, ಅಂದರೆ ಒಂದೇ ಹಳದಿಯಲ್ಲೇ ಇರುತ್ತದೆ. ಬೇರೆ ಬಣ್ಣದ ಮಾಹಿತಿ ಅದರಲ್ಲಿ ದಾಖಲಾಗಿಯೇ ಇರುವುದಿಲ್ಲ. ಸೀದಾ ಕಪ್ಪು-ಬಿಳುಪು ಮಾಡಿ.

ಉಳಿದದ್ದೆಲ್ಲ ಬಣ್ಣದಲ್ಲೇ ತೆಗೆಯಿರಿ. ಬಣ್ಣದಿಂದ ಕಪ್ಪು-ಬಿಳುಪಿಗೆ ಆಮೇಲೂ ಹೋಗಬಹುದು, ವಾಪಸ್ ಬರಲು ಆಗುವುದಿಲ್ಲ.